ಹಿಂದಿನ ಸೀಟಿನ ಬ್ರೇಕು

ನನ್ನ ಹೆಂಡತಿಗೆ ಊರಿನವರು ಇಟ್ಟಿರುವ ಹೆಸರು ಎರಡನೇ ಬ್ರೇಕು. ಎದುರಿಗೆ ಟೀಚರ್ ಅನ್ನುತ್ತಾರೆ, ಬೆನ್ನ ಹಿಂದೆ ಎರಡನೇ ಬ್ರೇಕು ಅನ್ನುತ್ತಾರೆ. ಅವಳಿಗೆ ಇದು ಗೊತ್ತಿದೆ, ಬೇಜಾರೇನೂ ಇಲ್ಲ. ಬೇಜಾರಿರುವುದು ನನಗೆ, ಯಾಕೆಂದರೆ ಆ ಬ್ರೇಕಿನ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದವನು ನಾನು.

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಆ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕು ಇದ್ದರೆ, ಪಕ್ಕದಲ್ಲಿ ಕೂರುವ ಟೀಚರ ಕಾಲ ಬಳಿ ಇನ್ನೊಂದು ಇರುತ್ತದೆ. ಕಲಿಯುವವರು ಹೆದರಿ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದಾಗ ಕಾಯುವುದು ಅದೇ. ಪ್ರತಿ ದಿನ ಬೆಳಿಗ್ಗೆ ಮೊದಲ ವಿದ್ಯಾರ್ಥಿ ಬರುವ ಮುಂಚೆ ಅವಳು ಕಾರಿನಲ್ಲಿ ಒಬ್ಬಳೇ ಕೂತು ಆ ಎರಡನೇ ಬ್ರೇಕನ್ನು ಮೂರು ಸಲ ಒತ್ತಿ ನೋಡುತ್ತಾಳೆ. ಕಾರು ಹೊರಟ ಮೇಲೆ ಅವಳು ರಸ್ತೆ ನೋಡುವುದಕ್ಕಿಂತ ಹೆಚ್ಚಾಗಿ ಪಕ್ಕದವರ ಕೈ ಕಾಲು ನೋಡುತ್ತಾಳೆ. "ಬಾಯಿ ಸುಳ್ಳು ಹೇಳುತ್ತೆ, ಬೆರಳು ಹೇಳಲ್ಲ" ಎಂಬುದು ಅವಳ ಪಾಠದ ಮೊದಲ ಸಾಲು. ಅವಳ ಕೈಕೆಳಗೆ ಕಲಿತವರು ಸಾವಿರದ ಮೇಲಿದ್ದಾರೆ, ಒಬ್ಬರೂ ಒಂದು ಕಂಬಕ್ಕೂ ಗುದ್ದಿಲ್ಲ. ಒಳ್ಳೆಯ ಮಾತೇ. ಆದರೆ ಆ ಕಾಲು ಸಂಜೆ ಮನೆಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಟಿವಿಯಲ್ಲಿ ಕಾರು ಜೋರಾಗಿ ಹೋದರೆ ಸಾಕು, ಅವಳ ಬಲಗಾಲ ಕೆಳಗೆ ಚಾಪೆ ಮುದುಡಿಕೊಳ್ಳುತ್ತದೆ.

ನಾನು ನಂಬರ್ ಪ್ಲೇಟ್ ಬರೆಯುವವನು. ಅಡ್ಡರಸ್ತೆಯಲ್ಲಿ ಒಂದೇ ಬಾಗಿಲಿನ ಅಂಗಡಿ. ಒಳಗೆ ಬಣ್ಣದ ವಾಸನೆ, ಗೋಡೆಯ ಮೊಳೆಗಳಿಗೆ ಸೊನ್ನೆಯಿಂದ ಒಂಬತ್ತರವರೆಗೆ ತಗಡಿನ ಅಚ್ಚುಗಳು. ನನ್ನನ್ನು ಎಲ್ಲರೂ ಪ್ಲೇಟಣ್ಣ ಅನ್ನುತ್ತಾರೆ. ಅವಳ ಕಾರಿನ ನಂಬರ್ ಬರೆಯಲು ಹೋದಾಗಲೇ ನಮ್ಮ ಪರಿಚಯವಾದದ್ದು. ಬರೆದು ಮುಗಿಸಿದ ಮೇಲೆ ಅವಳು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಏಳು ಸ್ವಲ್ಪ ವಾಲಿದೆ" ಎಂದಳು. ವಾಲಿರಲಿಲ್ಲ. ಆದರೂ ನಾನು ಅಳಿಸಿ ಬರೆದೆ. ನನ್ನ ಸಂಸಾರದ ಸೊಬಗು ಅವತ್ತೇ ಗೊತ್ತಾಗಬೇಕಿತ್ತು.

ಊರಿನ ಅರ್ಧ ಗಾಡಿಗಳಿಗೆ ನಂಬರ್ ಬರೆದ ನನಗೆ ಗಾಡಿ ಓಡಿಸಲು ಲೈಸೆನ್ಸ್ ಇಲ್ಲ. ಟೀಚರ ಗಂಡನಿಗೇ ಲೈಸೆನ್ಸ್ ಇಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿ ಅವಳು ನಲವತ್ತು ದಿನ ಕಲಿಸಿದಳು. ನಲವತ್ತು ದಿನವೂ ನಾನು ಗೇರ್ ಹಾಕುವ ಮುಂಚೆ ಅವಳ ಕಾಲು ಬ್ರೇಕಿನ ಮೇಲಿರುತ್ತಿತ್ತು. ಹಾಗಿದ್ದರೆ ಯಾವ ಗಂಡಸಿಗೆ ಧೈರ್ಯ ಬರುತ್ತದೆ? ಟೆಸ್ಟಿನ ದಿನ ನನಗೆ ಜ್ವರ ಬಂದದ್ದು ಬೇರೆ ಮಾತು.

ಅಂಗಡಿಯ ಕಥೆಯೂ ಅಷ್ಟೇ. ಹದಿನೈದು ವರ್ಷದ ಹಿಂದೆ ಮುಖ್ಯರಸ್ತೆಯಲ್ಲಿ ಎರಡು ಬಾಗಿಲಿನ ಮಳಿಗೆ ಖಾಲಿಯಾಯಿತು. ತೆಗೆದುಕೊಳ್ಳೋಣ ಎಂದೆ. "ಸ್ವಲ್ಪ ಯೋಚನೆ ಮಾಡಿ" ಎಂದಳು. ಯೋಚನೆ ಮಾಡುತ್ತಿರುವಾಗಲೇ ಇನ್ನೊಬ್ಬ ಬಂದು ಕೂತ. ಈಗ ಅವನ ಬಳಿ ಸ್ಟಿಕ್ಕರ್ ಕತ್ತರಿಸುವ ಯಂತ್ರವಿದೆ, ನನ್ನ ಬಳಿ ಅದೇ ತಗಡಿನ ಅಚ್ಚುಗಳಿವೆ. ನಾನು ನಿಂತಲ್ಲೇ ನಿಂತಿದ್ದರೆ ಅದಕ್ಕೆ ಕಾರಣ ಆ ಬಲಗಾಲು. ಇದು ನನ್ನ ಇಪ್ಪತ್ತಾರು ವರ್ಷದ ದೂರು. ಅಂಗಡಿಗೆ ಬಂದು ಟೀ ಕುಡಿದವರಿಗೆಲ್ಲ ಹೇಳಿದ್ದೇನೆ.

ಈ ವರ್ಷ ನನಗೆ ಐವತ್ತೇಳು ತುಂಬಿತು. ಐವತ್ತೇಳಕ್ಕೆ ಯಾರೂ ಸಡಗರ ಮಾಡುವುದಿಲ್ಲ, ಅದು ಹಿಂದೂ ಅಲ್ಲ ಮುಂದೂ ಅಲ್ಲದ ವಯಸ್ಸು. ಆದರೂ ಒಂದು ವಾರ ಮುಂಚೆ ಅವಳು ತರಕಾರಿ ಹೆಚ್ಚುತ್ತಾ ಕೇಳಿದಳು. "ಏನು ಬೇಕು ನಿಮಗೆ?"

"ನೀನು ನನ್ನ ಹಿಂದೆ ಕೂತು ಬರಬೇಕು. ಟ್ಯಾಂಕಿನ ಗುಡ್ಡಕ್ಕೆ, ಸೈಕಲ್ ಮೇಲೆ. ಗುಡ್ಡದಿಂದ ಇಳಿಯುವಾಗ ಬ್ರೇಕ್ ಹಿಡಿಯೋ ಹಾಗಿಲ್ಲ."

ಅವಳು ಚಾಕು ನಿಲ್ಲಿಸಿ ನನ್ನ ಮುಖ ನೋಡಿದಳು.

ಟ್ಯಾಂಕಿನ ಗುಡ್ಡ ಊರಿನಿಂದ ಹನ್ನೊಂದು ಕಿಲೋಮೀಟರ್. ಮೇಲೆ ಊರಿಗೆ ನೀರು ಕೊಡುವ ದೊಡ್ಡ ಟ್ಯಾಂಕ್. ಅಲ್ಲಿಂದ ಕೆಳಗೆ ಒಂದು ಕಿಲೋಮೀಟರ್ ನೇರ ಇಳಿಜಾರು, ತುದಿಯಲ್ಲಿ ಸೂರ್ಯಕಾಂತಿ ಹೊಲಗಳ ನಡುವೆ ಸಪಾಟು ರಸ್ತೆ. ಹೈಸ್ಕೂಲಿನ ದಿನಗಳಲ್ಲಿ ನನ್ನ ಗೆಳೆಯರು ಅಲ್ಲಿಂದ ಬ್ರೇಕ್ ಹಿಡಿಯದೆ ಇಳಿಯುತ್ತಿದ್ದರು. ನಾನೂ ಇಳಿಯುತ್ತಿದ್ದೆ ಎಂದು ಹೆಂಡತಿಗೆ ಮದುವೆಗೆ ಮುಂಚೆಯೇ ಕೊಚ್ಚಿಕೊಂಡಿದ್ದೆ. ನಿಜ ಹೇಳಬೇಕೆಂದರೆ ನಾನು ಕೊನೆಯವನಾಗಿ, ಎರಡೂ ಬ್ರೇಕ್ ಬಿಗಿಹಿಡಿದು ಇಳಿಯುತ್ತಿದ್ದೆ. ಹುಡುಗರು ಕೆಳಗೆ ನಿಂತು ಆಕಳಿಸುತ್ತಿದ್ದರು. ಆ ಆಕಳಿಕೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಸಾಯುವ ಮುಂಚೆ ಒಂದು ಸಲ ಆ ಇಳಿಜಾರಿನಲ್ಲಿ ಗಾಳಿ ಕಿವಿಯಲ್ಲಿ ಕೂಗಬೇಕು, ಅದೂ ಇವಳು ಹಿಂದೆ ಕೂತಿರುವಾಗ. ಯಾರ ಕಾಲು ಯಾರನ್ನು ಹಿಡಿದಿಟ್ಟಿತ್ತು ಎಂದು ಅವಳಿಗೆ ಗೊತ್ತಾಗಬೇಕು. ಇದೇ ನನ್ನ ಉಡುಗೊರೆ.

"ಆಯ್ತು, ಗುಡ್ಡದಲ್ಲಿ ಹಿಡಿಯಲ್ಲ. ಆದ್ರೆ ನನ್ನ ಕೈಗೂ ಒಂದು ಬ್ರೇಕ್ ಇರ್ಬೇಕು" ಎಂದಳು ಅವಳು. "ಬ್ರೇಕಿಲ್ಲದ ಸೀಟಲ್ಲಿ ನಾನು ಕೂರಲ್ಲ."

ನನ್ನ ಮೈ ಉರಿದುಹೋಯಿತು. ಆದರೆ ಹೂಂ ಎಂದೆ, ಯಾಕೆಂದರೆ ಅಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ಕಿತಾಪತಿ ಹೊಳೆದಿತ್ತು.

ನಮ್ಮ ಬೀದಿಯ ಸೈಕಲ್ ಶಾಪಿನ ಯಜಮಾನರು ಎರಡು ಹಳೆಯ ಸೈಕಲ್ ಬೆಸೆದು ಇಬ್ಬರು ತುಳಿಯುವ ಒಂದು ಉದ್ದನೆಯ ಸೈಕಲ್ ಮಾಡಿ, ಜನ ನೋಡಲಿ ಎಂದು ಅಂಗಡಿಯ ಮುಂದೆ ನೇತುಹಾಕಿದ್ದರು. ಮುಂದಿನವನ ಕೈಗೆ ಹ್ಯಾಂಡಲ್, ಬ್ರೇಕು ಎಲ್ಲ. ಹಿಂದಿನವರಿಗೆ ಹಿಡಿದುಕೊಳ್ಳಲು ಅಲ್ಲಾಡದ ಒಂದು ಹ್ಯಾಂಡಲ್, ತುಳಿಯಲು ಪೆಡಲ್, ಅಷ್ಟೇ. ಎರಡೂ ಪೆಡಲ್ ಒಂದೇ ಚೈನಿಗೆ ಸೇರಿದ್ದರಿಂದ ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರ ಕಾಲೂ ನಿಲ್ಲುತ್ತದೆ.

"ಹಿಂದಿನ ಹ್ಯಾಂಡಲಿಗೆ ಒಂದು ಬ್ರೇಕ್ ಲಿವರ್ ಹಾಕಿಕೊಡಿ. ಆದ್ರೆ ತಂತಿ ಚಕ್ರಕ್ಕೆ ಹೋಗ್ಬಾರದು" ಎಂದೆ.

ಯಜಮಾನರು ಸ್ಪ್ಯಾನರ್ ಕೆಳಗಿಟ್ಟರು. "ಮತ್ತೆಲ್ಲಿಗೆ ಹೋಗ್ಬೇಕು ಪ್ಲೇಟಣ್ಣ?"

"ಎಲ್ಲಿಗೂ ಹೋಗ್ಬಾರದು."

"ಟೀಚರ್‌ಗೆ ಗೊತ್ತಾದ್ರೆ ನನ್ನ ಮಗಳ ಕಾರ್ ಕ್ಲಾಸ್ ಗತಿ ಏನು?" ಎಂದರು. ಆದರೂ ಮಾಡಿಕೊಟ್ಟರು. ಲಿವರ್ ಹಿಡಿದರೆ ಬಿಗಿಯಾಗಿರಲಿ ಎಂದು ಒಳಗೆ ಸ್ಪ್ರಿಂಗ್ ಇಟ್ಟರು. ತಂತಿಯ ತುದಿಯನ್ನು ಸೀಟಿನ ಕೆಳಗಿನ ಕೊಳವೆಯೊಳಗೆ ತೂರಿಸಿದೆವು. ಮೇಲೆ ನಾನೇ ಕರಿ ಟೇಪು ಸುತ್ತಿದೆ, ನನ್ನ ಕೈ ಬಲು ಅಚ್ಚುಕಟ್ಟು. ಒಂದೇ ತೊಂದರೆ ಎಂದರೆ ಲಿವರ್ ಹಿಡಿದಾಗಲೆಲ್ಲ ಟಕ್ ಎಂದು ಸದ್ದಾಗುತ್ತಿತ್ತು. ಅದೂ ಒಳ್ಳೆಯದೇ ಎಂದುಕೊಂಡೆ. ಟಕ್ ಎಂದಾಗ ನಾನು ಮುಂದಿನಿಂದ ಮೆಲ್ಲಗೆ ನಿಜವಾದ ಬ್ರೇಕ್ ಹಿಡಿದರೆ, ಅವಳಿಗೆ ಸಂಶಯವೇ ಬರುವುದಿಲ್ಲ. ಗುಡ್ಡದ ಮೇಲೆ ಮಾತ್ರ ಹಿಡಿಯುವುದಿಲ್ಲ. ಹೇಗಿದ್ದರೂ ಅವಳು ಮಾತಿಗೆ ತಪ್ಪಿ ಅಲ್ಲಿ ಟಕ್ ಟಕ್ ಅನ್ನಿಸುತ್ತಾಳೆ ಎಂದು ನನಗೆ ಖಾತ್ರಿಯಿತ್ತು.

ಹುಟ್ಟುಹಬ್ಬದ ಬೆಳಿಗ್ಗೆ ಆರು ಗಂಟೆಗೆ ಸೈಕಲನ್ನು ಮನೆ ಮುಂದೆ ತಂದು ನಿಲ್ಲಿಸಿದೆ. ಅವಳು ಒಂದು ಚಿಕ್ಕ ಪೊಟ್ಟಣ ಕೊಟ್ಟಳು. ಬಿಚ್ಚಿದರೆ ದುಂಡನೆಯ ಕನ್ನಡಿ, ಸೈಕಲ್ ಹ್ಯಾಂಡಲಿಗೆ ಹಾಕುವಂಥದ್ದು. ನನ್ನ ಹಣೆಬರಹ ನೋಡಿ, ಹುಟ್ಟುಹಬ್ಬದ ದಿನವೂ ಹಿಂದೆ ಕೂತವಳ ಮುಖ ನೋಡಿಕೊಂಡೇ ಮುಂದೆ ಹೋಗಬೇಕು. ಹಲ್ಲು ಕಚ್ಚಿಕೊಂಡು ಥ್ಯಾಂಕ್ಸ್ ಹೇಳಿ ಸಿಕ್ಕಿಸಿದೆ.

ಆಮೇಲೆ ಅವಳು ಹಿಂದಿನ ಲಿವರನ್ನು ಹಿಡಿದು, "ತಳ್ಳಿ ನೋಡೋಣ" ಎಂದಳು. ಇದನ್ನು ನಾನು ನಿರೀಕ್ಷಿಸಿದ್ದೆ. ತಳ್ಳುವ ಹಾಗೆ ಮಾಡಿ ಮುಂದಿನ ಬ್ರೇಕನ್ನು ಎರಡು ಬೆರಳಿನಲ್ಲಿ ಒತ್ತಿಕೊಂಡೆ. ಸೈಕಲ್ ಅಲ್ಲಾಡಲಿಲ್ಲ. ಮೂರು ಸಲ ಪರೀಕ್ಷೆ ಮಾಡಿದಳು, ಮೂರು ಸಲವೂ ಟಕ್ ಎಂದಿತು, ಮೂರು ಸಲವೂ ನಾನು ಒತ್ತಿದೆ. "ಚೆನ್ನಾಗಿದೆ" ಎಂದು ಹತ್ತಿ ಕೂತಳು. ಮನಸ್ಸಿನಲ್ಲೇ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಖುಷಿ ನಮ್ಮ ಬೀದಿಯ ಕೊನೆಯವರೆಗೆ ಇತ್ತು. ಮೊದಲ ತಿರುವಿನಲ್ಲಿ ಟಕ್. ನಾನು ಬ್ರೇಕ್ ಹಿಡಿದೆ. ಬೇಕರಿ ಮುಂದೆ ನಾಯಿ ಮಲಗಿತ್ತು, ಟಕ್. ಹಿಡಿದೆ. ನಾಯಿ ಕಣ್ಣೂ ಬಿಡಲಿಲ್ಲ. ರೈಲ್ವೆ ಗೇಟಿನ ಹತ್ತಿರ ರಸ್ತೆ ಸ್ವಲ್ಪ ಇಳಿಯುತ್ತದೆ, ಅಲ್ಲಿ ನಾಲ್ಕು ಸಲ ಟಕ್ ಟಕ್. ಅಲ್ಲೇ ಇಳಿದು ಮನೆಗೆ ನಡೆದುಹೋಗೋಣ ಅನ್ನಿಸಿತು.

"ಕನ್ನಡಿ ನೋಡಿ" ಎಂದಳು ಹಿಂದಿನಿಂದ.

"ನೋಡ್ತಾ ಇದ್ದೀನಿ. ನೀನೇ ಕಾಣ್ತಾ ಇದ್ದೀಯ."

"ನನ್ನನ್ನಲ್ಲ, ಲಾರಿ ನೋಡಿ."

ಲಾರಿ ಇನ್ನೂ ಅರ್ಧ ಮೈಲಿ ದೂರದಲ್ಲಿತ್ತು. ಅದು ನಮ್ಮನ್ನು ದಾಟಿ ಹೋಗುವವರೆಗೆ ಅವಳು ಕಾಲು ಬಿಗಿಹಿಡಿದು ಕೂತಳು. ಅವಳ ಕಾಲು ನಿಂತರೆ ನನ್ನ ಕಾಲೂ ನಿಲ್ಲಬೇಕಲ್ಲ. ಇಬ್ಬರೂ ರಸ್ತೆ ಪಕ್ಕದಲ್ಲಿ ಗೊಂಬೆಗಳ ಹಾಗೆ ಒಂದೊಂದು ಕಾಲು ಊರಿ ನಿಂತಿದ್ದೆವು. ಲಾರಿಯವನು ಕೈಬೀಸಿ ಹೋದ. ಅವನ ನಂಬರ್ ಪ್ಲೇಟ್ ನಾನು ಬರೆದದ್ದೇ.

ಊರು ದಾಟಿದ ಮೇಲೆ ಕಾಲುವೆಯ ಪಕ್ಕದ ರಸ್ತೆ. ಎರಡೂ ಕಡೆ ಜೋಳ ಎದೆಯೆತ್ತರ ನಿಂತಿತ್ತು. ನೀರಿನ ಮೇಲೆ ಬೆಳಗಿನ ಬಿಸಿಲು, ಎಲ್ಲೋ ಒಂದು ಪಂಪಿನ ಸದ್ದು. ನೋಡುವ ಮನಸ್ಸಿದ್ದರೆ ಚೆಂದದ ದಾರಿಯೇ. ಆದರೆ ನನ್ನ ಕಿವಿಯೆಲ್ಲ ಹಿಂದಿನ ಟಕ್ ಮೇಲೆ, ಬೆರಳೆಲ್ಲ ಮುಂದಿನ ಬ್ರೇಕಿನ ಮೇಲೆ. ಅವಳಿಗೆ ಕೆಲಸ ಒಂದೇ, ನನಗೆ ಎರಡಾಯಿತು. ಅವಳಿಗೆ ಮೋಸ ಮಾಡಲು ಹೋಗಿ ನಾನೇ ಕೂಲಿಯಾಳಾದೆ. ಎದುರಿಗೆ ಕುರಿಮಂದೆ ಬಂದಾಗ ಟಕ್ ಎಂದಿತು, ನಿಲ್ಲಿಸಿದೆ. ಕುರಿಗಳು ಎರಡೂ ಕಡೆ ಸರಿದು ಹೋದವು. ಕುರಿಯವನು ಸೈಕಲ್ಲನ್ನು ತಲೆಯಿಂದ ಬಾಲದವರೆಗೆ ನೋಡಿ, "ಯಾರು ತುಳಿಯೋದು ಇದನ್ನ, ನೀವಾ, ಅಮ್ಮಾವ್ರಾ?" ಎಂದು ಕೇಳಿದ.

"ಇಬ್ಬರೂ" ಎಂದಳು ಅವಳು.

"ನಾನೊಬ್ಬನೇ" ಎಂದೆ ನಾನು, ಅದೇ ಹೊತ್ತಿಗೆ.

ಗುಡ್ಡದ ಬುಡದ ಸೇತುವೆಯ ಕಟ್ಟೆಯ ಮೇಲೆ ಕೂತು ಬೇಯಿಸಿದ ಮೊಟ್ಟೆ, ಬ್ರೆಡ್ಡು ತಿಂದೆವು. ಅವಳು ಮೊಟ್ಟೆಯ ಸಿಪ್ಪೆ ಬಿಡಿಸಿ ನನಗೆ ಕೊಟ್ಟಳು, ಫ್ಲಾಸ್ಕಿನಿಂದ ಟೀ ಬಗ್ಗಿಸಿದಳು. ಆ ಹೊತ್ತಿನಲ್ಲಿ ಸುಮ್ಮನಿರಬಹುದಿತ್ತು. ನನ್ನ ಬಾಯಿ ಕೇಳಬೇಕಲ್ಲ.

"ಹನ್ನೊಂದು ಕಿಲೋಮೀಟರಲ್ಲಿ ಎಷ್ಟು ಸಲ ಬ್ರೇಕ್ ಹಿಡಿದೆ ಗೊತ್ತಾ? ನಲವತ್ತೆರಡು. ಲೆಕ್ಕ ಇಟ್ಟಿದ್ದೀನಿ. ಮಳಿಗೆ ವಿಷಯದಲ್ಲೂ ಹೀಗೇ ಹಿಡಿದೆ. ಲೈಸೆನ್ಸ್ ವಿಷಯದಲ್ಲೂ ಹೀಗೇ. ನನ್ನ ಜೀವನ ಪೂರ್ತಿ ನಿನ್ನ ಕಾಲಡಿಗೆ ಹೋಯ್ತು ಕಣೇ."

ಅವಳು ಟೀ ಲೋಟದಲ್ಲಿ ಬಿದ್ದಿದ್ದ ಇರುವೆಯನ್ನು ಬೆರಳ ತುದಿಯಿಂದ ತೆಗೆದಳು. ಅವಳು ಜಗಳ ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಗುಡ್ಡಕ್ಕೆ ಸೈಕಲ್ ತಳ್ಳಿಕೊಂಡು ಹತ್ತುವುದರಲ್ಲಿ ನನ್ನ ಮೊಣಕಾಲಿನ ಸದ್ದು ಬ್ರೇಕಿನ ಸದ್ದಿಗಿಂತ ಜೋರಾಯಿತು. ಟ್ಯಾಂಕಿನ ನೆರಳಿನಲ್ಲಿ ಸುಧಾರಿಸಿಕೊಂಡು ಕೆಳಗೆ ನೋಡಿದೆ. ಇಳಿಜಾರು ಹಾಗೇ ಇತ್ತು. ತುದಿಯಲ್ಲಿ ಹೊಲಗಳೆಲ್ಲ ಹಳದಿ. ರಸ್ತೆ ಖಾಲಿ. ಹುಡುಗರು ನಿಂತು ಆಕಳಿಸುತ್ತಿದ್ದ ಜಾಗ ಕೂಡ ಕಾಣುತ್ತಿತ್ತು. ಫ್ಲಾಸ್ಕಿನಲ್ಲಿ ಉಳಿದಿದ್ದ ಟೀಯನ್ನೆಲ್ಲ ಕುಡಿದೆ. ಬಿಸಿಲಿಗೆ ಎಂದುಕೊಂಡೆ.

"ಈಗ ನೋಡು" ಎಂದೆ. ಹತ್ತಿ ಕೂತೆವು. ಕಾಲೆತ್ತಿದೆ.

ಸೈಕಲ್ ಮೊದಲು ಮೆಲ್ಲಗೆ ಹೊರಟಿತು. ಆಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗೆ ಓಡಿತು. ಅಂಗಿ ಉಬ್ಬಿತು. ಗಾಳಿ ಕಿವಿಯಲ್ಲಿ ಕೂಗತೊಡಗಿತು. ನಾನು ಟಕ್ ಎಂಬ ಸದ್ದಿಗೆ ಕಾದೆ. ಈಗ ಬರುತ್ತದೆ, ಬರಲಿ, ನಾನು ಹಿಡಿಯುವುದಿಲ್ಲ, ಆಗ ಗೊತ್ತಾಗುತ್ತದೆ ಇವಳಿಗೆ. ಬರಲಿಲ್ಲ. ಕನ್ನಡಿ ನೋಡಿದೆ. ಅವಳ ಎರಡೂ ಕೈ ಹ್ಯಾಂಡಲಿನ ಮೇಲೆ ಸುಮ್ಮನೆ ಇದ್ದವು, ಒಂದು ಬೆರಳೂ ಲಿವರಿನ ಹತ್ತಿರ ಇರಲಿಲ್ಲ. ಮುಖವನ್ನು ಗಾಳಿಗೆ ಒಡ್ಡಿ ಕೂತಿದ್ದಳು. ಹ್ಯಾಂಡಲ್ ಸಣ್ಣಗೆ ನಡುಗಿತು. ಹಿಡಿಯೇ, ಹಿಡಿಯೇ ಮಾರಾಯ್ತಿ ಎಂದು ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಅವಳು ಹಿಡಿಯಲಿಲ್ಲ.

ನಾನು ಹಿಡಿದೆ. ಎರಡೂ ಬ್ರೇಕ್ ಹಿಡಿದೆ, ಇಳಿಜಾರಿನ ಕಾಲುಭಾಗವೂ ಮುಗಿದಿರಲಿಲ್ಲ. ಸೈಕಲ್ ಕೀರಲು ದನಿಯಲ್ಲಿ ಕೂಗುತ್ತಾ ನಿಧಾನವಾಯಿತು. ಉಳಿದ ದಾರಿಯನ್ನೆಲ್ಲ ಹೈಸ್ಕೂಲಿನಲ್ಲಿ ಇಳಿದ ಹಾಗೆಯೇ ಇಳಿದೆ. ಕೆಳಗೆ ಆಕಳಿಸಲು ಯಾರೂ ಇರಲಿಲ್ಲ, ಅದೊಂದು ಪುಣ್ಯ.

ಹೊಲದ ಬದಿಯಲ್ಲಿ ನಿಲ್ಲಿಸಿ ಇಳಿದೆ. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಸಿಟ್ಟು ತೀರಿಸಿಕೊಳ್ಳಲು ಅವಳ ಹೊರತು ಅಲ್ಲಿ ಯಾರೂ ಇರಲಿಲ್ಲ.

"ನೀನ್ಯಾಕೆ ಹಿಡೀಲಿಲ್ಲ?"

"ಹಿಡಿದಿದ್ರೆ ಏನಾಗ್ತಿತ್ತು?" ಎಂದಳು ಅವಳು. "ಅದರ ತಂತಿ ಎಲ್ಲಿಗೂ ಹೋಗಲ್ವಲ್ಲ."

ನಾನು ಕರಿ ಟೇಪು ಸುತ್ತಿದ ಜಾಗವನ್ನು ಮುಟ್ಟಿ ನೋಡಿದೆ, ಬಿಚ್ಚಿರಲಿಲ್ಲ.

"ಯಾವಾಗ ಗೊತ್ತಾಯ್ತು?"

"ಮನೆ ಮುಂದೇನೇ. ನಾನು ಲಿವರ್ ಹಿಡಿದಾಗ ನೀವು ಎರಡು ಬೆರಳು ಒತ್ತಿದ್ರಿ. ಇಪ್ಪತ್ತೆಂಟು ವರ್ಷದಿಂದ ಜನರ ಬೆರಳು ನೋಡೋದೇ ನನ್ನ ಕೆಲಸ. ಗಂಡನ ಬೆರಳು ಕಾಣಲ್ವಾ?"

"ಮತ್ತೆ ದಾರಿಯುದ್ದಕ್ಕೂ ನಲವತ್ತೆರಡು ಸಲ ಯಾಕೆ ಟಕ್ ಟಕ್ ಅನ್ನಿಸಿದೆ?"

"ಮೊದಲನೇ ಸಲ ಅಭ್ಯಾಸದಿಂದ. ನೀವು ನಿಲ್ಲಿಸಿದ್ರಿ. ನಾಯಿ ಹತ್ರ ಸುಮ್ನೆ ನೋಡೋಣ ಅಂತ ಮಾಡ್ದೆ. ಆಗಲೂ ನಿಲ್ಲಿಸಿದ್ರಿ. ಆಮೇಲೆ ನನಗೇ ಆಶ್ಚರ್ಯ ಆಯ್ತು. ಏನೂ ಕಟ್ಟಿಲ್ಲದ ಬ್ರೇಕು, ಸದ್ದು ಮಾಡಿದ್ರೆ ಸಾಕು, ನಿಂತೇ ಬಿಡ್ತೀರಲ್ಲ." ಅವಳು ಹಿಂದಿನ ಲಿವರನ್ನು ಇನ್ನೊಂದು ಸಲ ಟಕ್ ಅನ್ನಿಸಿದಳು. "ಮಳಿಗೆ ವಿಷಯದಲ್ಲಿ ನಾನು ಯೋಚನೆ ಮಾಡಿ ಅಂದೆ. ಬೇಡ ಅನ್ನಲಿಲ್ಲ. ಟೆಸ್ಟ್ ಫಾರಂ ನಾನೇ ತುಂಬಿ ಸಹಿ ಹಾಕಿದ್ದೆ, ಅವತ್ತು ನಿಮಗೆ ಜ್ವರ ಬಂತು. ಥರ್ಮಾಮೀಟರ್ ಇಟ್ಟು ನೋಡಿದ್ದೆ ನಾನು, ನೀವು ಮಲಗಿದ್ದಾಗ. ಹೇಳ್ಬಾರದು ಅಂತ ಇದ್ದೆ."

ಬೇರೆಯವರು ಹೇಳಿದ್ದರೆ ಅಲ್ಲಗಳೆಯುತ್ತಿದ್ದೆ. ಅವಳು ಪಾಠ ಹೇಳುವ ಧಾಟಿಯಲ್ಲಿ, ಬೈಯದೆ ಹೇಳಿದಳು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಇಪ್ಪತ್ತಾರು ವರ್ಷ ಟೀ ಕುಡಿಸಿ ಕುಡಿಸಿ ಜನರಿಗೆ ಹೇಳಿದ ದೂರು ಒಂದು ಇಳಿಜಾರಿನಲ್ಲಿ ಕೈಕೊಟ್ಟಿತು. ಇನ್ನು ಯಾರ ಮೇಲೆ ರೇಗಬೇಕು ಎಂದೇ ತಿಳಿಯಲಿಲ್ಲ.

"ನಡೀರಿ, ಇನ್ನೊಂದು ಸಲ ಹತ್ತೋಣ" ಎಂದಳು.

"ನನ್ನ ಮೊಣಕಾಲು ಸತ್ತುಹೋಗಿದೆ."

"ನಾನು ತಳ್ತೀನಿ. ಈ ಸಲ ನೀವು ಹಿಂದೆ ಕೂತ್ಕೊಳ್ಳಿ."

ಗೊಣಗುತ್ತಲೇ ಹತ್ತಿದೆ. ಟ್ಯಾಂಕಿನ ಬಳಿ ಅವಳು ಚೀಲದಿಂದ ಸ್ಪ್ಯಾನರ್ ತೆಗೆದು ಮುಂದಿನ ಸೀಟನ್ನು ತನ್ನ ಅಳತೆಗೆ ಇಳಿಸಿಕೊಂಡಳು. ಸ್ಪ್ಯಾನರ್ ತಂದಿದ್ದಳು ಎಂಬುದು ಆಗ ನನಗೆ ತಿಳಿಯಿತು. ಸೈಕಲ್ ಹೊರಟಿತು. ಅವಳ ಬೆನ್ನು ಬಿಟ್ಟು ನನಗೆ ಏನೂ ಕಾಣಲಿಲ್ಲ. ಮೊದಲು ನಾನು ಬ್ರೇಕ್ ಹಿಡಿದ ಜಾಗ ಬಂತು, ಹೋಯಿತು. ಅವಳು ಹಿಡಿಯಲಿಲ್ಲ. ಗಾಳಿ ಕೂಗಿತು, ಕಣ್ಣಿನಲ್ಲಿ ನೀರು ಬಂತು, ನನ್ನ ಎರಡು ಬೆರಳು ತಾವಾಗಿಯೇ ಲಿವರಿಗೆ ಹೋದವು. ಟಕ್. ಟಕ್. ಅದಕ್ಕೆ ಏನೂ ಕಟ್ಟಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟೇಪು ಸುತ್ತಿದವನು ನಾನೇ. ಆದರೂ ಕೊನೆಯವರೆಗೆ ಅದನ್ನು ಬಿಗಿಹಿಡಿದು, ಕಣ್ಣು ಮುಚ್ಚಿ ಕೂತೆ.

ಸಪಾಟು ರಸ್ತೆಯಲ್ಲಿ ಸೈಕಲ್ ತಾನಾಗಿಯೇ ಬಹಳ ದೂರ ಹೋಗಿ ನಿಂತಿತು. ಅವಳು ಉಸಿರು ಬಿಡುತ್ತಾ ತನ್ನ ಬಲಗಾಲನ್ನು ನೋಡಿಕೊಂಡಳು. ಕೆನ್ನೆ ಕೆಂಪಾಗಿತ್ತು, ಕೂದಲೆಲ್ಲ ಕೆದರಿತ್ತು.

"ಇವತ್ತು ಇದಕ್ಕೆ ರಜಾ ಸಿಕ್ತು ರೀ" ಎಂದಳು.

ಹುಟ್ಟುಹಬ್ಬ ನನ್ನದು, ಗುಡ್ಡ ಇಳಿದವಳು ಅವಳು. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಮುಖವನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ, ಅದೂ ಸುಳ್ಳಲ್ಲ.

ಮನೆಗೆ ಅವಳೇ ಮುಂದೆ ಕೂತು ಹೊಡೆದಳು. ರೈಲ್ವೆ ಗೇಟಿನ ಇಳಿಜಾರಿನಲ್ಲಿ ಟಕ್ ಎಂದಿತು. ಅವಳು ನಿಲ್ಲಿಸಲಿಲ್ಲ.